ಮಿರಜ ಸ್ಟೇಷನ್ನಿನಲ್ಲಿ ಉಡಿ ತುಂಬಿದವರು

ದೆವ್ವ ಕಂಡೆ, ಸತ್ತ ಅಜ್ಜಿ ಬಂದು ಕರೆದಳು ಎಂದು ಯಾರಾದರೂ ಕಥೆ ತೆಗೆದರೆ 'ಮೊದಲು ಕಣ್ಣಿನ ಡಾಕ್ಟರಿಗೆ ತೋರಿಸು ಮಾರಾಯ' ಎಂದು ಬಾಯಿ ಮುಚ್ಚಿಸುತ್ತಿದ್ದವನು ನಾನು. ಹುಕ್ಕೇರಿಯ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಸ್ಟಾಫ್ ರೂಮಿನಲ್ಲಿ ನನ್ನೆದುರು ಅಮಾವಾಸ್ಯೆಯ ಮಾತೆತ್ತಲು ಉಳಿದ ಮಾಸ್ತರರು ಹಿಂದೆಮುಂದೆ ನೋಡುತ್ತಿದ್ದರು, ಅಷ್ಟು ಗೇಲಿ ಮಾಡುತ್ತಿದ್ದೆ. ಈಗ ನಾನು ಅಂಥದ್ದನ್ನೆಲ್ಲ ನಂಬುತ್ತೇನೆಂದು ತಿಳಿಯಬೇಡಿ. ನಂಬುವುದಿಲ್ಲ. ಆದರೆ ಗೇಲಿ ಮಾಡುವುದನ್ನು ಬಿಟ್ಟಿದ್ದೇನೆ. ಯಾಕೆ ಬಿಟ್ಟೆ ಎಂಬುದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ಓದಿದ ಮೇಲೆ ನಿಮಗೇನಾದರೂ ಹೊಳೆದರೆ ನೀವು ನನಗಿಂತ ಜಾಣರು.

ಮೂಡಲಗಿ ನನ್ನ ಹೆಂಡತಿಯ ತವರು. ಆ ಮನೆಗೆ ಬಾಳವ್ವ ಎಂಬ ಹೆಂಗಸು ಮೂವತ್ತು ವರ್ಷ ರೊಟ್ಟಿ ಬಡಿಯಲು ಬಂದಳು. ಗಂಡ ಸತ್ತವಳು, ಮಕ್ಕಳಿಲ್ಲದವಳು ಎಂದೇ ಎಲ್ಲರ ತಿಳಿವಳಿಕೆ. ಒಂದು ದಿನ ನಾನು ಅಲ್ಲಿಗೆ ಹೋಗಿದ್ದಾಗ ಅವಳು ಸೆರಗಿನೊಳಗೆ ಒಂದು ಲಕೋಟೆ ಮುಚ್ಚಿಟ್ಟುಕೊಂಡು ಬಂದು, ಬಾಗಿಲು ಹಾಕಲು ಹೇಳಿ, ಇದನ್ನು ಓದಿರಿ ಎಂದಳು. ಹಾಲೆಂಡಿನಿಂದ ಬಂದ ಇಂಗ್ಲಿಷ್ ಪತ್ರ ಅದು. ಗಂಡ ಸತ್ತು ಮೂರು ತಿಂಗಳಿಗೆ ಬಾಳವ್ವ ಒಂದು ಹೆಣ್ಣು ಕೂಸು ಹೆತ್ತಿದ್ದಳು. ಸಾಕುವ ದಿಕ್ಕು ಕಾಣದೆ ಬೆಳಗಾವಿ ಕಡೆಯ ಒಂದು ಅನಾಥಾಶ್ರಮಕ್ಕೆ ಕೊಟ್ಟಿದ್ದಳು. ಅಲ್ಲಿಂದ ಆ ಕೂಸನ್ನು ಹಾಲೆಂಡಿನ ದಂಪತಿಗಳು ದತ್ತು ಒಯ್ದಿದ್ದರು. ಈಗ ಅದಕ್ಕೆ ಮೂವತ್ತೆರಡು ವರ್ಷ, ಹೆಸರು ಇನೆಕಾ. ನನ್ನ ತಾಯಿ ಇನ್ನೂ ಇದ್ದಾಳೆಯೇ ಎಂದು ಪತ್ರದಲ್ಲಿ ಕೇಳಿದ್ದಳು. ಬಾಳವ್ವ ಅಳಲಿಲ್ಲ. 'ಅದಾಳ ಅಂತ ಬರೀರಿ' ಎಂದಳು, ಅಷ್ಟೇ.

ಅಲ್ಲಿಂದ ಮುಂದೆ ಒಂದೂವರೆ ವರ್ಷ ಅವರಿಬ್ಬರ ನಡುವಿನ ಅಂಚೆಯವನು ನಾನೇ. ಪತ್ರ ಹೋಗಿ ಈಮೇಲ್ ಬಂತು. ಹುಕ್ಕೇರಿಗೆ ಇಂಟರ್ನೆಟ್ ಬಂದು ಎರಡು ಮೂರು ವರ್ಷವಾಗಿತ್ತು. ಬಾಬು ಚೌಗಲಾ ಎಂಬವರ ಬಟ್ಟೆ ಅಂಗಡಿಯ ಮೂಲೆಯಲ್ಲಿ ನಾಲ್ಕು ಕಂಪ್ಯೂಟರ್ ಇದ್ದವು. ನನಗಂತೂ ಅದರ ಹುಚ್ಚು ಹಿಡಿದಿತ್ತು. ಇನ್ನು ಮುಂದೆ ಯಾರೂ ಎದ್ದು ಎಲ್ಲಿಗೂ ಹೋಗಬೇಕಾಗಿಲ್ಲ, ಎಲ್ಲ ಕೂತಲ್ಲೇ ಆಗುತ್ತದೆ ಎಂದು ಕಂಡಕಂಡವರಿಗೆ ಭಾಷಣ ಬಿಗಿಯುತ್ತಿದ್ದೆ.

ಆ ವರ್ಷ ದೀಪಾವಳಿ ಮುಗಿದ ಮೇಲೆ ಬಾಳವ್ವನ ಹೊಟ್ಟೆಯಲ್ಲಿ ನೀರು ತುಂಬಿತು. ಗೋಕಾಕದ ಡಾಕ್ಟರು ನನ್ನನ್ನು ಹೊರಗೆ ಕರೆದು, ಹೆಚ್ಚೆಂದರೆ ಮೂರು ವಾರ, ಯಾರನ್ನು ಕರೆಸುವುದಿದ್ದರೂ ಈಗಲೇ ಕರೆಸಿರಿ ಎಂದರು. ಅಂದೇ ಸಂಜೆ ಇನೆಕಾಳಿಗೆ ಬರೆದೆ. ಮರುದಿನವೇ ಉತ್ತರ ಬಂತು. ಹೊರಡುತ್ತೇನೆ, ಆದರೆ ನಾನು ಐದು ತಿಂಗಳ ಬಸುರಿ. ಬಸ್ಸಿನ ಕುಲುಕಾಟ ಬೇಡವೆಂದು ಡಾಕ್ಟರು ಹೇಳಿದ್ದಾರೆ. ಮುಂಬೈಯಿಂದ ರೈಲಿನಲ್ಲಿ ಕೆಳಗಿನ ಬರ್ತ್ ಸಿಕ್ಕರೆ ಸಾಕು. ಬಸುರಿ ಎಂದು ಮಾತ್ರ ಅಮ್ಮನಿಗೆ ಹೇಳಬೇಡಿ, ಅದನ್ನು ನನ್ನ ಬಾಯಿಂದಲೇ ಹೇಳಬೇಕು ಎಂದು ಬರೆದಿದ್ದಳು.

ಶುರುವಾಯಿತು ನೋಡಿ ನಮ್ಮ ಪಡಿಪಾಟಲು. ವಿಮಾನದ ಟಿಕೆಟ್ಟಿಗೆ ಚೆನ್ನಾಗಿಯೇ ನಡೆಯುವ ಅವಳ ಕಾರ್ಡನ್ನು ನಮ್ಮ ರೈಲಿನ ಟಿಕೆಟ್ ಕೊಡುವ ಜಾಲತಾಣ ಮುಟ್ಟಲೂ ಒಲ್ಲೆ ಎನ್ನುತ್ತಿತ್ತು. ಹೆಸರು, ವಯಸ್ಸು, ಗಾಡಿ, ಬರ್ತು ಎಲ್ಲ ತುಂಬಿಸಿಕೊಂಡು, ಕೊನೆಗೆ ಕಾರ್ಡಿನ ನಂಬರು ಕೊಟ್ಟ ಕೂಡಲೇ ವಹಿವಾಟು ವಿಫಲವಾಗಿದೆ ಎಂದು ಕೈಯೆತ್ತುತ್ತಿತ್ತು. ಅವಳು ತನ್ನ ಬ್ಯಾಂಕಿಗೆ ಫೋನು ಮಾಡಿದರೆ ನಮ್ಮದೇನೂ ತಪ್ಪಿಲ್ಲ ಎಂದರಂತೆ. ರೈಲಿನವರಿಗೆ ಬರೆದರೆ ನಿಮ್ಮ ಬ್ಯಾಂಕನ್ನು ಕೇಳಿರಿ ಎಂದು ಉತ್ತರ. ಭಾರತದ ಮೊಬೈಲ್ ನಂಬರು ಬೇಕು ಎಂದಿತು, ನನ್ನದು ಕೊಟ್ಟೆ. ಪಿನ್‌ಕೋಡ್ ಬೇಕು ಎಂದಿತು, ಹುಕ್ಕೇರಿಯದು ಕೊಟ್ಟೆ. ಗಂಡನ ಕಾರ್ಡಿನಿಂದ ಮಾಡಿ ನೋಡಿದಳು, ಅದೂ ಅಷ್ಟೇ. ನನ್ನ ಹತ್ತಿರವಂತೂ ಕಾರ್ಡ್ ಎಂಬುದೇ ಇರಲಿಲ್ಲ. ಆರನೇ ಸಲಕ್ಕೆ, ಯಾರೋ ಕಳ್ಳರು ಇಂಡಿಯಾದಿಂದ ಕೈಹಾಕಿದ್ದಾರೆಂದು ತಿಳಿದು ಅವಳ ಬ್ಯಾಂಕೇ ಕಾರ್ಡನ್ನು ಬಂದ್ ಮಾಡಿತು. ಹೊಸದು ಟಪಾಲಿನಲ್ಲಿ ಬರಬೇಕು, ಐದು ದಿನ. ಟಿಕೆಟ್ ಖಾತ್ರಿಯಾಗದೆ ವಿಮಾನ ಹತ್ತಲು ಅವಳ ಗಂಡ ಬಿಡಲಿಲ್ಲ. ಹೊಟ್ಟೆಯಲ್ಲಿ ಕೂಸಿಟ್ಟುಕೊಂಡು ಗುರುತಿಲ್ಲದ ಊರಿನಲ್ಲಿ ಸಿಕ್ಕಿಬಿದ್ದರೆ ಎಂದು ಅವನ ಅಂಜಿಕೆ. ಅವನನ್ನು ಹೇಗೆ ತಪ್ಪೆನ್ನಲಿ?

ಇದರ ಮೇಲೆ ಬಾಬು ಚೌಗಲಾ ಜೈನರು, ಹೊತ್ತು ಮುಳುಗುವುದರೊಳಗೆ ಊಟ ಮುಗಿಸುವವರು. ಇನೆಕಾ ಮಧ್ಯಾಹ್ನದ ಬಿಡುವಿನಲ್ಲಿ ಕಂಪ್ಯೂಟರ್ ಮುಂದೆ ಕೂರುವ ಹೊತ್ತಿಗೆ ನಮ್ಮಲ್ಲಿ ಸಂಜೆ. ಸರಿಯಾಗಿ ಆಗಲೇ ಅವರು ಶಟರ್ ಎಳೆಯುತ್ತಿದ್ದರು. ಎರಡು ದಿನ ನೋಡಿ, ಮೂರನೇ ದಿನ ಪಾಪ, ನನ್ನನ್ನು ಒಳಗೇ ಬಿಟ್ಟು ಹೊರಗಿನಿಂದ ಶಟರ್ ಹಾಕಿಕೊಂಡು ಉಣ್ಣಲು ಹೋದರು. ಕತ್ತಲಲ್ಲಿ ಒಬ್ಬನೇ ಕೂತು ಆ ಪರದೆಗೆ ಬಾಯಿಗೆ ಬಂದಂತೆ ಬೈದೆ.

ಎರಡು ದಿನಕ್ಕೊಮ್ಮೆ ಮೂಡಲಗಿಗೆ ಹೋಗುತ್ತಿದ್ದೆ. ಬಾಳವ್ವನಿಗೆ ಎದ್ದು ಕೂರಲೂ ಆಗುತ್ತಿರಲಿಲ್ಲ. ಪಕ್ಕದ ಮನೆಯ ನೀಲವ್ವ ಹಗಲೂ ರಾತ್ರಿ ಅವಳ ಹತ್ತಿರ ಇರುತ್ತಿದ್ದಳು. ನಾನು ಹೊಸ್ತಿಲು ದಾಟುವ ಮೊದಲೇ ಪ್ರಶ್ನೆ ಬರುತ್ತಿತ್ತು.

'ಟಿಕೀಟ ಆತೇನ್ರಿ ಸರ?'

'ನಾಳೆ ಆಗತೈತಿ ಬಾಳವ್ವ. ಆಕಿ ಕಾರ್ಡ್ ತಗೋವಲ್ದು ಅದು.'

'ಯಾಕ? ಆಕಿ ರೊಕ್ಕ ಖೊಟ್ಟಿ ಅದಾವೇನು?'

'ರೊಕ್ಕ ಖರೇನ ಅದಾವ. ಕಾರ್ಡ್ ಪರದೇಶದ್ದೈತಿ, ಅದಕ್ಕ.'

'ಕಾರ್ಡ್ ಪರದೇಶದ್ದಿರಲಿ. ಕೂಸು ಇಲ್ಲೀದ ಐತಂತ ಅವರಿಗೆ ಹೇಳ್ರಿ' ಎಂದಳು. ಹೇಳುತ್ತೇನೆ ಎಂದೆ. ಯಾರಿಗೆ ಹೇಳುವುದು?

ಒಂಬತ್ತನೇ ದಿನ ಬಾಬು ಚೌಗಲಾ ನನ್ನ ಹೆಗಲ ಮೇಲೆ ಕೈಯಿಟ್ಟರು. 'ಸರ, ಸಿಟ್ಟಾಗಬ್ಯಾಡ್ರಿ. ಘಟಪ್ರಭಾ ಸ್ಟೇಷನ್ ಏನ್ ದೂರ ಐತಿ? ಕೌಂಟರಿನ್ಯಾಗ ರೊಕ್ಕ ಕೊಟ್ಟು ತಗೊಂಡ್ ಬರ್ರಿ. ಹತ್ತರಗ್ಯಾಗ ಮುಂಬೈ ಬಸ್ಸಿನ ಡ್ರೈವರನ ಕೈಯಾಗ ಕೊಟ್ರ ಮುಂಜಾನಿ ಮುಂಬೈ ಮುಟ್ಟತೈತಿ. ನಾವು ಅರಿವಿ ಗಂಟು ಕಳಸೂದಿಲ್ಲೇನು?'

ಹೋದೆ. ಹತ್ತು ನಿಮಿಷದಲ್ಲಿ ಟಿಕೆಟ್ ಸಿಕ್ಕಿತು. ಹತ್ತೇ ನಿಮಿಷ! ಕೆಳಗಿನ ಬರ್ತು, ನಾಲ್ಕು ದಿನಗಳ ನಂತರದ್ದು. ಹತ್ತರಗಿಯಲ್ಲಿ ಹೆದ್ದಾರಿಯ ಬದಿಗೆ ನಿಂತು, ಬಸ್ಸಿನ ಡ್ರೈವರನಿಗೆ ಲಕೋಟೆ ಕೊಟ್ಟು, ಮುಂಬೈಯಲ್ಲಿರುವ ಬಾಬು ಅವರ ಅಳಿಯ ಅದನ್ನು ಒಯ್ದು ಇನೆಕಾಳಿಗೆ ಮುಟ್ಟಿಸುವಂತೆ ಏರ್ಪಾಡು ಮಾಡಿ ಮನೆಗೆ ಬಂದವನು ಅನ್ನದ ಮುಂದೆ ಕೂತು ಉಣ್ಣಲಾರದೆ ಎದ್ದೆ. ಈ ಕೆಲಸವನ್ನು ಮೊದಲನೇ ದಿನವೇ ಮಾಡಬಹುದಿತ್ತಲ್ಲ! ಕೂತಲ್ಲೇ ಆಗುತ್ತದೆ ಎಂಬ ನನ್ನ ಒಣಜಂಬಕ್ಕೆ ಒಬ್ಬ ತಾಯಿಯ ಒಂಬತ್ತು ದಿನ ಹೋದವು.

ಬಾಳವ್ವನಿಗೆ ಹೇಳಿದಾಗ ರೈಲಿನ ಡಬ್ಬಿ ಯಾವುದು, ಸೀಟಿನ ನಂಬರು ಎಷ್ಟು ಎಂದು ಎರಡೆರಡು ಸಲ ಹೇಳಿಸಿಕೊಂಡಳು. ಬಸ್ಸಿನಲ್ಲಿ ಯಾಕೆ ಬರುವುದಿಲ್ಲವಂತೆ ಎಂದು ಕೇಳಿದಳು. ಡಾಕ್ಟರು ಬೇಡವೆಂದಿದ್ದಾರಂತೆ ಎಂದಷ್ಟೇ ಹೇಳಿ ಮಾತು ಮರೆಸಿದೆ.

ಆ ಮುಂಜಾನೆ ನಾನು ಒಂದು ಜೀಪು ತೆಗೆದುಕೊಂಡು ಘಟಪ್ರಭಾ ಸ್ಟೇಷನ್ನಿನಲ್ಲಿ ನಿಂತಿದ್ದೆ. ಗಾಡಿ ಬಂತು. ಕಪ್ಪಗೆ, ಎತ್ತರಕ್ಕೆ, ಥೇಟ್ ನಮ್ಮ ಕಡೆಯ ಹೆಣ್ಣುಮಗಳಂತೆಯೇ ಇದ್ದ ಇನೆಕಾ ಜಾಗರೂಕತೆಯಿಂದ ಕೆಳಗಿಳಿದಳು. ಎರಡೂ ಕೈಗಳಲ್ಲಿ ಹಸಿರು ಗಾಜಿನ ಬಳೆ. ಮೈಮೇಲಿನ ಶಾಲನ್ನು ಗಂಟು ಮಾಡಿ ಹೊಟ್ಟೆಗೆ ಅವಚಿ ಹಿಡಿದಿದ್ದಳು. ಗಂಟಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನ ಬೇರು, ಒಂದು ಹಸಿರು ರವಿಕೆ ಖಣ. ನಮ್ಮಲ್ಲಿ ಬಸುರಿ ಮಗಳಿಗೆ ಐದನೇ ತಿಂಗಳಲ್ಲಿ ತವರಿನವರು ಹೀಗೆ ಉಡಿ ತುಂಬುತ್ತಾರೆ, ಕುಬಸ ಎನ್ನುತ್ತೇವೆ. ಅವಳು ನಗುತ್ತ, ಎರಡು ತಾಸಿನ ಹಿಂದೆ ಗಾಡಿ ಮಿರಜದಲ್ಲಿ ನಿಂತಾಗ ನನ್ನ ಸೀಟಿಗೇ ಬಂದು ಬಳೆ ಇಟ್ಟು ಇದನ್ನೆಲ್ಲ ಹಾಕಿದರು, ನಿಮ್ಮ ಮನೆಯವರು ಕಳಿಸಿದ್ದ ಆ ಹೆಂಗಸು ಎಷ್ಟು ಒಳ್ಳೆಯವರು, ಇದೆಲ್ಲ ಏನು, ಈ ಅಕ್ಕಿಯನ್ನು ಏನು ಮಾಡಬೇಕು ಎಂದು ಕೇಳಿದಳು.

ನಾವು ಯಾರನ್ನೂ ಕಳಿಸಿರಲಿಲ್ಲ. ಅದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ನನ್ನ ಫೋನು ಹೊಡೆದುಕೊಂಡಿತು. ಹಿಂದಿನ ದಿನವೇ ಮೂಡಲಗಿಗೆ ಹೋಗಿದ್ದ ಹೆಂಡತಿ ಮಾತಾಡಿದಳು. 'ಬಾಳವ್ವ ಹೋದ್ಲ್ರಿ. ಹಾಲಿನವ ಬರೂ ಹೊತ್ತಿಗೆ.' ಆ ಹುಡುಗಿ ಬಳೆಗಳನ್ನು ತಿರುವುತ್ತ ನನ್ನ ಮುಖ ನೋಡುತ್ತಿದ್ದಳು. ಅವಳಿಗೆ ಹೇಗೆ ಹೇಳಿದೆನೋ, ಯಾವ ಮಾತಿನಲ್ಲಿ ಹೇಳಿದೆನೋ ನನಗೆ ನೆನಪಿಲ್ಲ. ಜೀಪಿನಲ್ಲಿ ಮೂಡಲಗಿಯವರೆಗೆ ಅವಳು ಆ ಗಂಟನ್ನು ಬಿಡಲಿಲ್ಲ.

ಹೆಣದ ಹತ್ತಿರ ಕೂತು ಅವಳು ತಾಯಿಯ ಕೈ ಹಿಡಿದುಕೊಂಡಳು. ಹಸಿರು ಬಳೆ ಕಂಡು ಹೆಂಗಸರ ಅಳು ಜೋರಾಯಿತು. ಆದರೆ ನೀಲವ್ವನ ಅಳು ನಡುವೆಯೇ ನಿಂತಿತು. ಗಂಟಿನೊಳಗಿನ ಖಣ ಎಳೆದು ನೋಡಿ, 'ಯವ್ವಾ, ಇದು ನಾ ತಂದ ಖಣ!' ಎಂದು ಚೀರಿದಳು. ಮೂರು ದಿನದ ಹಿಂದೆ ಬಾಳವ್ವ ರೊಕ್ಕ ಕೊಟ್ಟು ಅವಳಿಂದ ಹಸಿರು ಖಣ, ಒಂದು ಡಜನ್ ಹಸಿರು ಬಳೆ ತರಿಸಿದ್ದಳಂತೆ. ಹೊಸ ಬಟ್ಟೆಯೆಂದು ನೀಲವ್ವನೇ ಮೂಲೆಗೆ ಅರಿಶಿನ ಹಚ್ಚಿ, ಕೈ ತಪ್ಪಿ ಮೂರು ಬೆರಳಿನ ಗುರುತು ಮಾಡಿದ್ದಳು. ಆ ಗುರುತು ನಾನೂ ನೋಡಿದೆ. ಬಾಳವ್ವನ ಟ್ರಂಕು ತೆಗೆದರೆ ಅದರಲ್ಲಿ ಹಳೆಯ ಸೀರೆ ಎರಡು, ಇನೆಕಾಳ ಪತ್ರಗಳ ಕಟ್ಟು, ಬೇರೇನೂ ಇರಲಿಲ್ಲ.

ನಾನು ಸುಮ್ಮನೆ ಒಪ್ಪಿಕೊಳ್ಳುವ ಗಿರಾಕಿಯಲ್ಲ. ಬಸ್ಸು ಬೇಡ ಎಂದ ಮಾತಿನಿಂದಲೇ ಮಗಳು ಬಸುರಿ ಎಂದು ಬಾಳವ್ವ ಊಹಿಸಿರಬೇಕು. ಹೆತ್ತವಳಿಗೆ ಅಷ್ಟು ಸಾಕು. ಡಬ್ಬಿ, ಸೀಟು ನನ್ನಿಂದಲೇ ತಿಳಿದುಕೊಂಡಿದ್ದಳು. ಹಾಗಾದರೆ ಯಾರ ಕೈಯಲ್ಲೋ ಸಾಮಾನು ಕೊಟ್ಟು ಕಳಿಸಿದ್ದಾಳೆ, ಲೆಕ್ಕ ಸರಿಹೋಯಿತು ಎಂದುಕೊಂಡೆ. ಆದರೆ ಕಳಿಸಿದ್ದು ಯಾರನ್ನು? ಮೂಡಲಗಿಯ ಆ ಓಣಿಯನ್ನೆಲ್ಲ ಕೇಳಿದೆ. ಮಿರಜಕ್ಕೆ ಹೋಗಿ ಬಂದವರಿಲ್ಲ. ಅವಳಿಗೆ ಅಲ್ಲಿ ಬಳಗವಿಲ್ಲ. ಹಿಂದಿನ ರಾತ್ರಿ ಮಲಗುವಾಗಲೂ ಖಣ ಅವಳ ತಲೆಗಿಂಬಿನ ಕೆಳಗೆ ಇತ್ತೆಂದು ನೀಲವ್ವ ಆಣೆ ಮಾಡಿ ಹೇಳುತ್ತಾಳೆ.

ಫೋಟೊ ಕಳಿಸಿದ್ದರೆ ಹುಡುಗಿಗೆ ತಾಯಿಯ ಗುರುತಾದರೂ ಸಿಗುತ್ತಿತ್ತಲ್ಲ ಎಂದು ನೀವು ಕೇಳಬಹುದು. ಬಾಳವ್ವ ಒಪ್ಪಿರಲಿಲ್ಲ. ಬಂದು ಎದುರಾಎದುರು ನೋಡಲಿ ಎಂದು ಹಟ ಹಿಡಿದಿದ್ದಳು.

ಇನೆಕಾ ಐದು ದಿನ ಇದ್ದಳು. ನಾನು ಅವಳನ್ನು ಏನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಹೊರಡುವ ದಿನ ಘಟಪ್ರಭಾ ಸ್ಟೇಷನ್ನಿನ ಬೆಂಚಿನ ಮೇಲೆ ಕೂತಾಗ ತಡೆಯಲಾಗಲಿಲ್ಲ. ಗಂಡ ಸತ್ತವರು ಉಡಿ ತುಂಬುವುದು ನಮ್ಮಲ್ಲಿ ನಿಷಿದ್ಧ. ಹಾಳು ಪದ್ಧತಿ, ಆದರೂ ಇದೆ. ಬಾಳವ್ವನಂಥವಳು ಹತ್ತು ಜನರೆದುರು ಅದನ್ನು ಮಾಡುವ ಧೈರ್ಯ ತೋರಿಸುವವಳಲ್ಲ. ಅದಕ್ಕೇ ಕೇಳಿದೆ, ಆ ಹೆಂಗಸಿನ ಕೈಯಲ್ಲಿ ಬಳೆ ಇದ್ದವೇ ಎಂದು.

ಇರಲಿಲ್ಲ ಎಂದಳು. ಒರಟು ಕೈಗಳು, ಬರಿಗೈ. ಇದ್ದ ಬಳೆಗಳನ್ನೆಲ್ಲ ನನಗೇ ಇಟ್ಟರು ಅಂದುಕೊಂಡೆ ಎಂದಳು.

ಹಣೆಯಲ್ಲಿ ಕುಂಕುಮ ಇತ್ತೇ, ಮುಖ ಹೇಗಿತ್ತು, ನೀನು ಮೂಡಲಗಿಯಲ್ಲಿ ನೋಡಿದ ಮುಖವೇ ಹೌದೇ ಎಂದು ಒಂದೇ ಉಸಿರಿಗೆ ಕೇಳಿದೆ.

ಅವಳು ಹಳಿಗಳ ಕಡೆ ನೋಡುತ್ತ ತನ್ನ ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದ್ದು ಇಷ್ಟು: ಅವರು ಅಕ್ಕಿ ಹಾಕುತ್ತಿದ್ದರು, ಅದು ಚೆಲ್ಲೀತೆಂದು ನಾನು ಕೆಳಗೇ ನೋಡುತ್ತಿದ್ದೆ. ಕೊನೆಗೆ ನನ್ನ ಗಲ್ಲ ಹಿಡಿದು ಮುಖ ಮೇಲೆತ್ತಿದರು. ಅಪರಿಚಿತರು ಅಷ್ಟು ಹತ್ತಿರ ಬಂದದ್ದಕ್ಕೆ ನಾಚಿಕೆಯಾಗಿ ಕಣ್ಣು ಮುಚ್ಚಿಕೊಂಡೆ. ನೋಡಬೇಕಿತ್ತು ಎಂದು ನನಗೆ ಗೊತ್ತಿರಲಿಲ್ಲ.

ಅವಳ ಮಗನಿಗೆ ಈಗ ಓದು ಬರಹ ಬರುತ್ತದೆ. ವರ್ಷಕ್ಕೊಂದು ಪತ್ರ ಅವಳಿಂದ ತಪ್ಪದೆ ಬರುತ್ತದೆ, ಮಿರಜದಲ್ಲಿ ಬಂದವರು ಅಮ್ಮನೇನಾ ಎಂಬ ಪ್ರಶ್ನೆಯೂ ತಪ್ಪದೆ ಇರುತ್ತದೆ. ನನಗೆ ಗೊತ್ತಿಲ್ಲ ಎಂದೇ ಪ್ರತಿ ಸಲ ಬರೆಯುತ್ತೇನೆ. ಹೌದು ಎಂದು ಬರೆದರೆ, ತಾಯಿ ಎದುರಿಗೆ ಬಂದು ಗಲ್ಲ ಹಿಡಿದಾಗ ಕಣ್ಣು ಮುಚ್ಚಿದವಳು ಎಂದು ಅವಳು ಜೀವನವಿಡೀ ಅಳಬೇಕು. ಅಲ್ಲ ಎಂದು ಬರೆಯಲು ನನ್ನ ಕೈ ಏಳುವುದಿಲ್ಲ.