ಗೋರಿ ಆಂಟಿ ಹೇಳಿದ ಸುಳ್ಳು

ಅವರ ನಾಲಿಗೆಯ ತುದಿಯಲ್ಲಿ ಎಳ್ಳುಕಾಳಿನಷ್ಟು ಕಪ್ಪು ಮಚ್ಚೆ ಇತ್ತು. ಬಿಸಿ ಚಹಾ ಹೀರಿ ನಾಲಿಗೆ ಚುರುಕ್ಕೆಂದು ಹೊರಗೆ ಚಾಚಿದಾಗ ಕಾಣುತ್ತಿತ್ತು. ನಾಲಿಗೆ ಮೇಲೆ ಮಚ್ಚೆ ಇದ್ದವರು ಆಡಿದ್ದು ಆಗಿಯೇ ತೀರುತ್ತದೆ ಅಂತ ನಮ್ಮ ಮೈಸೂರಿನ ಕಡೆಯೂ ಹೇಳುತ್ತಾರೆ, ಅವರ ಧಾರವಾಡದ ಕಡೆಯೂ ಹೇಳುತ್ತಾರೆ. ಮ್ಯಾನ್‌ಹಟನ್ನಿನ ಯೂನಿವರ್ಸಿಟಿಯೊಂದರಲ್ಲಿ ಪಾಠ ಹೇಳುತ್ತಿದ್ದ, ಸಾವಿರಾರು ವರ್ಷದ ಮೂಳೆಗಳನ್ನು ಬ್ರಷ್ಷಿನಿಂದ ಒರೆಸುತ್ತಿದ್ದ ಆ ಹೆಂಗಸು ಈ ಮಾತನ್ನು ನಂಬಿದ್ದರು. ನಂಬಿದ್ದರು ಅನ್ನುವುದಕ್ಕಿಂತ ಅದಕ್ಕೆ ಹೆದರಿದ್ದರು.

ಮ್ಯಾನ್‌ಹಟನ್ನಿಗೆ ದಿನಾ ರೈಲಿನಲ್ಲಿ ಹೋಗಿಬರುವಷ್ಟು ದೂರದ ಎಡಿಸನ್ ಎಂಬ ಊರಿನಲ್ಲಿ ನಮ್ಮ ಮನೆಯಿಂದ ಎರಡನೆಯ ಮನೆ ಅವರದು. ಒಬ್ಬರೇ ಇದ್ದರು. ಪ್ರತಿ ಬೇಸಿಗೆಯಲ್ಲೂ ಕಜಕಸ್ತಾನದ ಕಡೆಯ ಮರವಿಲ್ಲದ ಹುಲ್ಲುಬಯಲಿಗೆ ಹೋಗಿ, ಅಲ್ಲಿ ಹಳೆಯ ಕಾಲದ ಕುದುರೆಸವಾರರು ತಮ್ಮ ದೊರೆಗಳನ್ನು ಹೂಳಿ ಮೇಲೆ ಎಬ್ಬಿಸಿದ್ದ ಮಣ್ಣಿನ ದಿಬ್ಬಗಳನ್ನು ಅಗೆಯುತ್ತಿದ್ದರು. ಅದನ್ನು ಅವರು ಗೋರಿದಿಬ್ಬ ಎನ್ನುತ್ತಿದ್ದರು. ಅಲ್ಲಿನ ಕನ್ನಡದವರು ಅವರಿಗೇ ಗೋರಿ ಆಂಟಿ ಎಂದು ಹೆಸರಿಟ್ಟರು, ಬೆನ್ನ ಹಿಂದೆ ಮಾತ್ರ. ಆಂಟಿಯ ಬಾಯಲ್ಲಿ ಸತ್ತರು, ಬಿತ್ತು, ಹೋಯಿತು ಎಂಬ ಮಾತೇ ಬರುತ್ತಿರಲಿಲ್ಲ. ಅಸ್ಥಿಪಂಜರ ತೋರಿಸಿದರೂ "ಇಲ್ಲೊಬ್ರು ಮಲಗ್ಯಾರ ನೋಡವಾ" ಎನ್ನುವರು.

ಒಮ್ಮೆ ಜೋಳದ ರೊಟ್ಟಿ ಬಡಿಸಿ, ಮುಗಿದ ಮೇಲೆ ಗೋಡೆಯ ಮೇಲೆ ಸ್ಲೈಡ್ ಹಾಕಿ ತೋರಿಸಿದರು. ದಿಬ್ಬದ ಪಕ್ಕದಿಂದ ಕೊರೆದ ಇಕ್ಕಟ್ಟು ಸುರಂಗ, ಅದರೊಳಗೆ ಬೋರಲಾಗಿ ಒಬ್ಬ. ಹೂಳಿದವನಲ್ಲ, ದೊರೆಯ ಬಂಗಾರ ಕದಿಯಲು ನುಗ್ಗಿದ ಹಳೆಯ ಕಾಲದ ಕಳ್ಳ. ಸುರಂಗ ಕುಸಿದು ಅಲ್ಲೇ ಉಳಿದಿದ್ದ.

"ಬಂಗಾರ ಮುಂದ, ಬಾಗಲಾ ಹಿಂದ. ಕೈ ಯಾವ ಕಡೆ ಚಾಚ್ಯಾನ ನೋಡು."

ಮೈ ತಿರುಚಿಕೊಂಡು, ಐದೂ ಬೆರಳು ಅಗಲಿಸಿ, ಬಾಗಿಲ ಕಡೆಗೇ ಚಾಚಿದ್ದ. ಆಮೇಲೆ ಎಷ್ಟೋ ದಿನ ನಮ್ಮ ಬೇಸ್‌ಮೆಂಟಿಗೆ ನಾನು ಒಬ್ಬಳೇ ಇಳಿಯುತ್ತಿರಲಿಲ್ಲ.

ಎರಡು ಸಾವಿರದ ಇಸವಿ ಹುಟ್ಟಿದರೆ ಕಂಪ್ಯೂಟರುಗಳೆಲ್ಲ ನಿಂತುಹೋಗುತ್ತವೆ ಎಂದು ಜಗತ್ತು ಹೆದರಿ ಕೂತಿದ್ದ ಕಾಲ ಅದು. ಆ ಹೆದರಿಕೆಯೇ ನಮಗೆ ಅನ್ನ ಹಾಕಿತು. ನಮ್ಮ ಯಜಮಾನರು ಓದಿದ್ದು ಸಿವಿಲ್ ಇಂಜಿನಿಯರಿಂಗ್. ಆರು ತಿಂಗಳು ಪ್ರೋಗ್ರಾಮಿಂಗ್ ಕಲಿತು ವಿಮಾನ ಹತ್ತಿದವರು. ನಾನೂ ಅದೇ ಕೆಲಸದವಳು. ಆಂಟಿ, ನಾನು ಬೆಳಿಗ್ಗೆ ಒಂದೇ ಟ್ರೇನಿನಲ್ಲಿ ಕಮ್ಯೂಟ್ ಮಾಡುತ್ತಿದ್ದೆವು. ಹಡ್ಸನ್ ನದಿಯ ಕೆಳಗಿನ ಸುರಂಗ ಬಂದ ಕೂಡಲೇ ಅವರು ಮಾತು ನಿಲ್ಲಿಸಿ ನನ್ನ ಮಣಿಕಟ್ಟು ಹಿಡಿಯುತ್ತಿದ್ದರು. ಗೋರಿಗೆ ಇಳಿಯುವವರಿಗೆ ರೈಲಿನ ಸುರಂಗ ಯಾವ ಲೆಕ್ಕ ಎಂದು ನಾನು ರೇಗಿಸುತ್ತಿದ್ದೆ.

ಒಂದು ದಿನ ಟ್ರೇನು ನದಿಯ ಕೆಳಗೇ ನಿಂತು ದೀಪಗಳು ಆರಿದವು. ಕತ್ತಲಲ್ಲಿ ಅವರ ಉಗುರು ನನ್ನ ಕೈಗೆ ನಾಟಿತು. ಎಂದೂ ಆಡದ ಮಾತುಗಳನ್ನು ಆಡಿ ಅವರು ತಮ್ಮ ಹೆದರಿಕೆಯ ಕಥೆ ಹೇಳಿದ್ದು ಅವತ್ತೊಂದೇ ದಿನ.

"ನಾ ಆಗ ಸ್ಟೂಡೆಂಟು. ದಿಬ್ಬದ ಗೋಡಿಗೆ ಕೂದಲೆಳಿಯಂಥಾ ಬಿರುಕು ಕಂಡ್ತು. ಕೆಳಗ ಅಗಿಯಾವ ಒಬ್ಬ ಇದ್ದ, ಎರಡು ಮಕ್ಕಳ ತಂದಿ. ಮ್ಯಾಲೆ ಬಾ, ಗೋಡಿ ಬೀಳತೈತಿ ಅಂದೆ. ಒಂದ್ನಿಮಿಷ ಅಂದ, ಅವರ ಭಾಷಾದಾಗ. ಬಿತ್ತವಾ. ಬೀಳೂದಿತ್ತು ಅಂತ ನಾ ಅಂದೆನೋ, ನಾ ಅಂದಿದ್ದಕ್ಕ ಬಿತ್ತೋ, ಇವತ್ತಿಗೂ ತಿಳಿವಲ್ದು."

ದೀಪ ಬಂತು, ಟ್ರೇನು ಹೊರಟಿತು. ನಾನು ಮತ್ತೆಂದೂ ರೇಗಿಸಲಿಲ್ಲ.

ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಮಳೆ ಬಂದಾಗಲೆಲ್ಲ ನೀರು ಜಿನುಗುತ್ತಿತ್ತು. ಹೊರಗೋಡೆಯ ಗುಂಟ ಅಗೆದು ಪೈಪ್ ಹಾಕಿಬಿಡುತ್ತೇನೆ ಎಂದು ನಮ್ಮವರು ಗುದ್ದಲಿ ಹಿಡಿದರು. ಕಲಿತ ವಿದ್ಯೆ ತುಕ್ಕು ಹಿಡಿಯುತ್ತಿದೆ ಎಂಬ ಸಂಕಟ ಬೇರೆ. ಮೂರನೆಯ ಶನಿವಾರದ ಹೊತ್ತಿಗೆ ಗುಂಡಿ ಅವರ ತಲೆ ಮುಳುಗುವಷ್ಟು ಆಳವಾಗಿತ್ತು. ಹಿಂದಿನ ದಿನ ಮಳೆ ಸುರಿದಿತ್ತು.

ಮಧ್ಯಾಹ್ನ ಆಂಟಿ ನನ್ನ ಡಬ್ಬಿ ವಾಪಸ್ ಕೊಡಲು ಬಂದರು. ಖಾಲಿ ಡಬ್ಬಿ ಕೊಡುವವರಲ್ಲ. ಶೇಂಗಾ ಚಟ್ನಿಪುಡಿ ತುಂಬಿ ತಂದಿದ್ದರು. ಇಬ್ಬರೂ ಹಿತ್ತಲಿಗೆ ಹೋದೆವು. ಅಗೆದ ಮಣ್ಣನ್ನೆಲ್ಲ ನಮ್ಮವರು ಗುಂಡಿಯ ಅಂಚಿಗೇ ಗುಡ್ಡೆ ಹಾಕಿದ್ದರು. ಆಂಟಿ ಹುಲ್ಲಿನ ಮೇಲೆ ಅಂಗೈ ಇಟ್ಟು ಬಗ್ಗಿ ನೋಡಿದರು. ಗುಡ್ಡೆಯ ಈಚೆಗೆ ಹುಲ್ಲಿನಲ್ಲಿ ಬಿರುಕಿನ ಒಂದು ಸಣ್ಣ ಗೆರೆ. ಗುಂಡಿಯ ಗೋಡೆಯಿಂದ ಕಡಲೆಯಷ್ಟು ಮಣ್ಣು ಉರುಳಿತು. ಗುಂಡಿಯೊಳಗಿದ್ದ ನಮ್ಮವರನ್ನು ಅವರು ಕೂಗಿದರು.

"ಮ್ಯಾಲೆ ಬರ್ರಿ."

"ಬಂದೆ ಆಂಟಿ, ಲೆವೆಲ್ ನೋಡ್ತಾ ಇದ್ದೀನಿ."

"ಈಗ ಬರ್ರಿ!"

"ನಾನು ಸಿವಿಲ್ ಇಂಜಿನಿಯರು ಆಂಟಿ, ಮರೆತುಬಿಟ್ರಾ? ಒಂದ್ನಿಮಿಷ."

ಆಂಟಿ ಬಾಯಿ ತೆರೆದರು, ಮುಚ್ಚಿದರು. ಕೈಯಿಂದ ಬಾಯಿ ಒತ್ತಿ ಹಿಡಿದುಕೊಂಡರು. ಬೀಳತೈತಿ ಎಂಬ ಒಂದು ಮಾತು ಅವರಿಂದ ಹೊರಡಲಿಲ್ಲ. ಥಟ್ಟನೆ ತಿರುಗಿ ಅಡುಗೆಮನೆಯ ಬಾಗಿಲಿಗೆ ಓಡಿ, ಅಲ್ಲಿಂದ ಕಿರುಚಿದರು: "ಮೈಸೂರಿಂದ ಫೋನ್! ನಿಮ್ಮ ಅಪ್ಪಾರಿಗೆ ಭಾಳ ಸೀರಿಯಸ್ ಆಗೇತಂತ! ಲಗೂ ಬರ್ರಿ!"

ಹಿಂದಿನ ತಿಂಗಳಷ್ಟೇ ಮಾವನವರಿಗೆ ಬೈಪಾಸ್ ಆಗಿತ್ತು. ಊರಿಂದ ಬರುವ ಆ ಒಂದು ಫೋನಿಗೆ ಹೆದರಿಕೊಂಡೇ ಇಲ್ಲಿ ನಾವೆಲ್ಲ ಬದುಕುವುದು. ರಿಂಗ್ ಆದದ್ದು ಕೇಳಿಸದಿದ್ದರೂ ನಾನೂ ನಂಬಿದೆ. ನಮ್ಮವರು ಎರಡೆರಡು ಮೆಟ್ಟಿಲು ಒಟ್ಟಿಗೆ ದಾಟಿ ಏಣಿ ಹತ್ತಿ, ಕೆಸರುಗಾಲಲ್ಲೇ ಒಳಗೆ ನುಗ್ಗಿದರು. "ಹಲೋ, ಹಲೋ, ಅಮ್ಮಾ?" ಎನ್ನುವುದು ನನಗೆ ಕೇಳಿಸುತ್ತಿತ್ತು. ಆಗ ಬೆನ್ನ ಹಿಂದೆ ಅಕ್ಕಿಮೂಟೆ ಇಳಿಸಿದಂಥ ಒಂದು ಸದ್ದು. ದೊಡ್ಡ ಸದ್ದೇನಲ್ಲ. ತಿರುಗಿ ನೋಡಿದರೆ ಏಣಿ ಇರಲಿಲ್ಲ, ಗುಂಡಿಯೂ ಇರಲಿಲ್ಲ.

"ಯಾರೂ ಇಲ್ವಲ್ಲ ಲೈನಲ್ಲಿ!" ಎಂದು ಸಿಟ್ಟಾಗಿ ಹೊರಗೆ ಬಂದ ನಮ್ಮವರು ಅಲ್ಲೇ ನಿಂತರು.

ಆಂಟಿ ಅವರ ತೋಳು ಹಿಡಿದರು. "ಸುಳ್ಳು ಹೇಳಿದ್ನೆಪಾ. ತಪ್ಪಾತು. ಈಗಿಂದೀಗ ಅಪ್ಪಾರಿಗೆ ಫೋನ್ ಹಚ್ಚರಿ."

ಹಚ್ಚಿದೆವು. ಮಾವನವರು ರಾತ್ರಿಯ ಊಟ ಮುಗಿಸಿ ಟೀವಿ ನೋಡುತ್ತಿದ್ದರು. ಆಂಟಿ ಫೋನು ಕಿತ್ತುಕೊಂಡು "ತಪ್ಪಾತ್ರೀ, ಹೊಟ್ಟ್ಯಾಗ ಹಾಕ್ಕೋರಿ" ಎಂದು ಅತ್ತರು. "ಯಾರಮ್ಮ ಅದು? ಪಾಪ, ನನಗೋಸ್ಕರ ಯಾಕೆ ಅಳ್ತಾರೆ?" ಎಂದು ಮಾವನವರು ಆಮೇಲೆ ನನ್ನನ್ನು ಕೇಳಿದರು.

ಅಂದಿನಿಂದ ಪ್ರತಿ ಭಾನುವಾರ ನಮಗೆ ಆಂಟಿಯ ಫೋನು ತಪ್ಪಲಿಲ್ಲ. "ಅಪ್ಪಾರು ಆರಾಮ ಅದಾರಿಲ್ಲೋ?" ಅಷ್ಟೇ. ಹುಲ್ಲುಬಯಲಿಗೆ ಹೋದಾಗಲೂ ಲಾರಿ ಹತ್ತಿ ಹತ್ತಿರದ ಊರಿಗೆ ಬಂದು ಕೇಳುತ್ತಿದ್ದರು. ಹೌದು ಎಂದರೆ ಉಸಿರು ಬಿಡುವುದು ಕೇಳಿಸುತ್ತಿತ್ತು. ನಾಲ್ಕು ವರ್ಷ ಹೀಗೆ.

ನಾಲ್ಕನೆಯ ವರ್ಷ ಆಂಟಿಗೆ ಹೊಟ್ಟೆಯ ಕ್ಯಾನ್ಸರ್ ಬಂತು. ಅವರು ಆಸ್ಪತ್ರೆಯಲ್ಲಿದ್ದಾಗಲೇ ಮೈಸೂರಿಂದ ನಿಜವಾದ ಫೋನ್ ಬಂತು. ಎಪ್ಪತ್ತೆಂಟು ವಯಸ್ಸಿನ ಮಾವನವರು ಊಟ ಮಾಡಿ ಮಲಗಿದವರು ಏಳಲಿಲ್ಲ. ನಮ್ಮವರು ಹೋಗಿ ಕರ್ಮ ಮುಗಿಸಿ, ತಲೆ ಬೋಳಿಸಿಕೊಂಡು ಬಂದರು. ಆಂಟಿಗೆ ಹೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಜೂನ್ ತಿಂಗಳ ಸೆಕೆಯಲ್ಲಿ ನಮ್ಮವರು ಕಿವಿ ಮುಚ್ಚುವ ಉಣ್ಣೆ ಟೋಪಿ ಹಾಕಿಕೊಂಡು ಅವರ ಮಂಚದ ಪಕ್ಕ ಕೂತರು.

"ಅಪ್ಪಾರು ಆರಾಮ ಅದಾರ?"

"ಆರಾಮಾಗಿದ್ದಾರೆ ಆಂಟಿ. ನಿಮ್ಮನ್ನ ಕೇಳಿದ್ರು."

ಅವರು ಬಹಳ ಹೊತ್ತು ಟೋಪಿಯನ್ನೇ ನೋಡಿದರು. ಹುಲ್ಲಿನಲ್ಲಿದ್ದ ಗೆರೆ ಕಂಡವರಿಗೆ ಇದು ಕಾಣದೆ ಇರುತ್ತದೆಯೇ?

"ನಿಮ್ಮ ನಾಲಿಗಿ ಮ್ಯಾಲೆ ಮಚ್ಚಿ ಇಲ್ಲಪಾ," ಎಂದು ಗೋಡೆಯ ಕಡೆ ತಿರುಗಿಕೊಂಡರು. ನಾಲ್ಕು ದಿನಕ್ಕೆ ಹೋದರು.

ತಮ್ಮ ಮಾತೇ ಮಾವನವರಿಗೆ ತಗುಲಿತು ಎಂದುಕೊಂಡು ಹೋದರೇನೋ ಎಂಬ ಭಯ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ನಾಲ್ಕು ವರ್ಷದ ಭಾನುವಾರಗಳಲ್ಲಿ ಅವರು ಮಾವನವರ ಆರೋಗ್ಯ ಕೇಳಿದರೇ ಹೊರತು ನಮ್ಮವರು ಹೇಗಿದ್ದಾರೆ ಎಂದು ಒಮ್ಮೆಯೂ ಕೇಳಲಿಲ್ಲ. ಆ ನಾಲಿಗೆ ಉಳಿಸಿದ ಜೀವ ಅವರ ಎದುರಿಗೇ ಕೂತಿತ್ತು, ಟೋಪಿಯೊಳಗೆ ಬೆವರುತ್ತ. ಅದನ್ನು ನಾವಾದರೂ ಬಾಯಿಬಿಟ್ಟು ಹೇಳಬೇಕಿತ್ತು.