ಗಾಜು ಬೇಡ ಅಂದವರು

ಯಾರ ಮನೆಗೆ ಹೋದರೂ ನಮ್ಮ ಯಜಮಾನರು ಮೊದಲು ಮಾತಾಡಿಸುವುದು ಗೋಡೆಯನ್ನು. ಮನೆಯವರು ಬನ್ನಿ, ಕೂತ್ಕೊಳ್ಳಿ ಎನ್ನುತ್ತಿರುವಾಗಲೇ ಇವರು ಚಪ್ಪಲಿ ಬಿಟ್ಟು, ಅಲ್ಲಿ ತೂಗುಹಾಕಿದ ಫೋಟೊಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನಿಂತಿರುತ್ತಾರೆ. ತುಟಿಯ ಕೆಂಪು ಹೇಗಿದೆ, ಕೂದಲ ಕಪ್ಪು ಇನ್ನೂ ಕಪ್ಪಾಗೇ ಇದೆಯೇ ಎಂದು ಪರೀಕ್ಷೆ ನಡೆಯುತ್ತದೆ. ಆಮೇಲೆ ತಿರುಗಿ "ಇದು ನಾನೇ ಮಾಡಿದ್ದು" ಎನ್ನುತ್ತಾರೆ, ಇಲ್ಲವೇ "ಇದನ್ನ ಯಾರು ಮಾಡಿದ್ರು? ಪಾಪ" ಎನ್ನುತ್ತಾರೆ. ಆ ಪಾಪ ಯಾರಿಗೆ ಎಂದು ಮನೆಯವರು ಯೋಚಿಸುವಷ್ಟರಲ್ಲಿ ನಾನು ಚಹಾ ಕುಡಿದು ಲೋಟ ಕೆಳಗಿಟ್ಟಿರುತ್ತೇನೆ.

ಇವರದು ಫೋಟೊ ಪ್ರಿಂಟ್ ಮಾಡುವ ಅಂಗಡಿ. ಮುಂದೆ ಕೌಂಟರು, ಹಿಂದೆ ಯಂತ್ರದ ಕೋಣೆ, ಪಕ್ಕದಲ್ಲಿ ನಾನು ಕಾಗದ ಕತ್ತರಿಸಿ ಚೌಕಟ್ಟು ಹಾಕುವ ಮೇಜು. ಅಷ್ಟು ಜಾಗದಲ್ಲೇ ಇವರು ದಿನವಿಡೀ ಓಡಾಡುತ್ತಾರೆ. ಕೂತರೆ ಕಾಲು ಕುಣಿಯುತ್ತದೆ, ನಿಂತರೆ ಕೈ ಏನಾದರೂ ಹುಡುಕುತ್ತದೆ. ಬೀದಿಯವರು ಇಟ್ಟ ಹೆಸರು ಬುಗುರಿ. ಹೊಟ್ಟೆಯಲ್ಲಿದ್ದಾಗಲೂ ಹೀಗೇ ಇದ್ದ ಎಂದು ಅತ್ತೆ ಹೇಳುತ್ತಿದ್ದರು, ದೂರಿನ ಹಾಗೆ.

ಮೊದಲು ನಮ್ಮಲ್ಲಿ ಬಳಸುತ್ತಿದ್ದ ಕಾಗದ ನಿಧಾನದ್ದು. ಶಾಯಿಯನ್ನು ಒಳಗೆ ಎಳೆದುಕೊಂಡು ಮೇಲಿನಿಂದ ಮುಚ್ಚಿಕೊಳ್ಳುತ್ತಿತ್ತು, ಆದರೆ ಒಣಗಲು ಅರ್ಧ ದಿನ ಬೇಕಿತ್ತು. ಅರ್ಧ ದಿನ ಕಾಯುವುದೆಂದರೆ ಇವರಿಗೆ ಜೈಲು. ಮುಟ್ಟಿ ನೋಡುವುದು, ಬೆರಳಚ್ಚು ಬೀಳುವುದು, ಮತ್ತೆ ಪ್ರಿಂಟ್ ತೆಗೆಯುವುದು. ಹಾಗಿರುವಾಗ ಒಬ್ಬ ಮಾರಾಟಗಾರ ಹೊಸ ಹೊಳಪಿನ ಕಾಗದ ತಂದು ತೋರಿಸಿದ. ಯಂತ್ರದಿಂದ ಹೊರಬರುವಷ್ಟರಲ್ಲಿ ಒಣಗಿರುತ್ತಿತ್ತು. ಇವರಿಗೆ ಸ್ವರ್ಗ ಮೂರೇ ಗೇಣು.

ಕಣ್ಣುಮುಚ್ಚಿ ಕೊಂಡರು ಎಂದು ಮಾತ್ರ ಹೇಳಲಾರೆ. ಹೊಸ ಕಾಗದ, ಹೊಸ ಶಾಯಿ ಏನೇ ಬಂದರೂ ಒಂದು ತುಂಡು ಪ್ರಿಂಟ್ ತೆಗೆದು, ಬಿಸಿಲು ಬೀಳುವ ಕಿಟಕಿಯ ಗಾಜಿಗೆ ಮುಖ ಒತ್ತಿ, ನಾಲ್ಕೂ ಅಂಚಿಗೆ ಟೇಪ್ ಹಾಕಿ ಅಂಟಿಸುವುದು ಇವರ ಪದ್ಧತಿ. ಹೀಗೆ ಅಂಟಿಸಿ ಅಂಟಿಸಿ ನಮ್ಮ ಕಿಟಕಿಯಿಂದ ರಸ್ತೆ ಕಾಣಿಸುವುದೇ ನಿಂತುಹೋಗಿತ್ತು. ಹೊಸ ಕಾಗದದ ತುಂಡು ಎರಡು ಬೇಸಿಗೆ ಬಿಸಿಲಲ್ಲಿ ಬೆಂದರೂ ಅಷ್ಟಾಗಿ ಮಾಸಲಿಲ್ಲ. "ನೋಡಿದ್ಯಾ, ಇದು ನಮ್ಮ ಕಾಲಕ್ಕೂ ಆಗುತ್ತೆ, ಮೊಮ್ಮಕ್ಕಳ ಕಾಲಕ್ಕೂ ಆಗುತ್ತೆ" ಎಂದು ಬೀಗಿದರು.

ಗಾಜಿನ ಚೌಕಟ್ಟಿನ ಮೇಲೆ ಮಾತ್ರ ಇವರಿಗೆ ಹಳೆಯ ಸಿಟ್ಟು. ಒಮ್ಮೆ ತೇವ ತಗುಲಿ ಒಬ್ಬರ ಫೋಟೊ ಗಾಜಿಗೆ ಅಂಟಿಕೊಂಡಿತ್ತು. ಬಿಡಿಸಲು ಹೋದರೆ ಮುಖ ಗಾಜಿನ ಮೇಲೇ ಉಳಿಯಿತು. ಅಂದಿನಿಂದ ಬಂದವರಿಗೆಲ್ಲ ಒಂದೇ ಪಾಠ: ಎಷ್ಟೇ ಗಟ್ಟಿ ಕಾಗದವಾದರೂ ಬಿಸಿಲಿಗೆ ಇಡಬೇಡಿ, ಗಾಜು ಹಾಕಬೇಡಿ. ಚೌಕಟ್ಟು ಹಾಕುವ ಹೆಂಡತಿ ಪಕ್ಕದಲ್ಲೇ ಕೂತಿರುವಾಗ ಹೀಗೆ ಹೇಳಿದರೆ ಮೈಯೆಲ್ಲ ಉರಿಯುವುದಿಲ್ಲವೇ? "ನಡುವೆ ಅಂಚಿಗೆ ಒಂದು ರಟ್ಟಿನ ಪಟ್ಟಿ ಇಟ್ರೆ ಅಂಟಲ್ಲ ರೀ" ಎಂದು ಎಷ್ಟು ಸಲ ಬಡಿದುಕೊಂಡೆನೋ. ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟರು.

ಈ ಪಾಠವನ್ನು ಚಾಚೂ ತಪ್ಪದೆ ಪಾಲಿಸಿದ್ದು ಒಬ್ಬರೇ, ಸಿಟಿ ಬಸ್ ಓಡಿಸುವ ಡ್ರೈವರಣ್ಣ. ಹೆಂಡತಿ ತೀರಿಕೊಂಡ ಮೇಲೆ ಮೊಬೈಲ್ ಹಿಡಿದುಕೊಂಡು ಅಂಗಡಿಗೆ ಬಂದಿದ್ದರು. ಕ್ಯಾಮೆರಾ ಕಂಡರೆ ಮುಖ ಮುಚ್ಚಿಕೊಳ್ಳುತ್ತಿದ್ದ ಹೆಂಗಸಂತೆ. ಅವರ ನೆಟ್ಟಗಿನ ಫೋಟೊ ಎಂದು ಇದ್ದದ್ದು ಅದೊಂದೇ. ನೀಲಿ ಬಟ್ಟೆ ಉಟ್ಟು, ಬಾಗಿಲಲ್ಲಿ ನಿಂತು, ಒದ್ದೆ ಕೈ ಒರೆಸಿಕೊಳ್ಳುತ್ತಾ ಯಾರನ್ನೋ ಗದರಲು ಹೋಗಿ ನಕ್ಕುಬಿಟ್ಟಿದ್ದರು.

"ಸಣ್ಣದಾಗಿ ಮಾಡ್ಕೊಡಿ ಸಾರ್, ಬಸ್ಸಲ್ಲಿ ಸ್ಟೇರಿಂಗ್ ಹತ್ರ ಅಂಟಿಸ್ಕೊಳ್ತೀನಿ. ದಿನವೆಲ್ಲಾ ಎದುರಿಗೇ ಇರ್ತಾಳೆ" ಎಂದರು.

"ಬಸ್ಸಲ್ಲಾ? ಆ ಬಿಸಿಲು, ಧೂಳು, ಎಂಜಿನ್ ಕಾವು ಎಲ್ಲಾ ಸೇರಿದ್ರೆ ಒಂದು ವರ್ಷ ಬಾಳಲ್ಲ. ದೊಡ್ಡದಾಗಿ ಮಾಡ್ಕೊಡ್ತೀನಿ, ಮನೆಯಲ್ಲಿ ಕತ್ತಲೆ ಇರೋ ಕಡೆ ಇಡಿ. ಗಾಜು ಗೀಜು ಹಾಕಿಸ್ಬೇಡಿ."

ಡ್ರೈವರಣ್ಣ ತಲೆಯಾಡಿಸಿದರು. ಆಮೇಲೆ ಅವರ ಮೊಬೈಲ್ ನೀರಿಗೆ ಬಿದ್ದು ಹೋಯಿತು. ದಾರಿಯಲ್ಲಿ ಸಿಕ್ಕಾಗ, "ಪ್ರಿಂಟ್ ಇದೆಯಲ್ಲ ಸಾರ್, ಬಚಾವಾದೆ" ಎಂದಿದ್ದರು. ಆ ಫೋಟೊದ ಪ್ರತಿ ಇದ್ದ ನಮ್ಮ ಕಂಪ್ಯೂಟರಿನ ಡಿಸ್ಕ್ ಕೂಡ ಅಷ್ಟರಲ್ಲಿ ಕೈಕೊಟ್ಟಿತ್ತು. ಅದನ್ನು ಇವರು ಅವರಿಗೆ ಹೇಳಲಿಲ್ಲ.

ಈಚೆಗೆ ಒಂದು ದಿನ ಅಲಮಾರಿಯ ತಲೆಯ ಮೇಲಿನ ಧೂಳು ಹೊಡೆಯುತ್ತಿದ್ದೆ. ಒಂದು ತುಂಡು ಪ್ರಿಂಟ್ ಸಿಕ್ಕಿತು. ಕಿಟಕಿಯಲ್ಲಿದ್ದದ್ದರ ಜೋಡಿ, ಅದೇ ಕಾಗದ, ಅದೇ ಶಾಯಿ, ಅದೇ ಕೆರೆಯ ಚಿತ್ರ. ಬೆಳಕೇ ಬೀಳದ ಜಾಗ ಅದು. ಆದರೂ ನೀಲಿ ನೀರೆಲ್ಲ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಇವರಿಗೆ ಕೊಟ್ಟೆ. ಕಿಟಕಿಯದನ್ನು ಕಿತ್ತು ಪಕ್ಕದಲ್ಲಿಟ್ಟು ನೋಡಿದರು. ಬಿಸಿಲು ತಿಂದದ್ದು ಚೆನ್ನಾಗಿತ್ತು, ಕತ್ತಲಲ್ಲಿ ಮಲಗಿದ್ದದ್ದು ಕೆಟ್ಟಿತ್ತು.

ಅವತ್ತಿನಿಂದ ಬುಗುರಿಗೆ ನಿಲ್ಲುವುದೇ ಮರೆತುಹೋಯಿತು. ಊಟದ ಮಧ್ಯೆ ಎದ್ದು ಹೋಗುತ್ತಿದ್ದರು. ಗಿರಾಕಿಗೆ ಬೇರೆಯವರ ಮದುವೆಯ ಫೋಟೊ ಕೊಟ್ಟು ಕಳಿಸಿದರು. ಒಂದು ಮಧ್ಯಾಹ್ನ ಕೈಯಲ್ಲಿದ್ದ ಟೇಪಿನ ಸುರುಳಿಯನ್ನೇ ನೋಡುತ್ತಾ ನಿಂತು, "ಗಾಳಿ ಕಣೇ" ಎಂದರು.

ಬೇಗ ಒಣಗುವ ಆ ಕಾಗದದ ಮೈತುಂಬ ಕಣ್ಣಿಗೆ ಕಾಣದ ತೂತುಗಳು. ಶಾಯಿಯನ್ನು ಗಟಗಟ ಕುಡಿಯುವುದು ಅವುಗಳಿಂದಲೇ, ಗಾಳಿ ಒಳಗೆ ಹೋಗಿ ಬಣ್ಣ ತಿನ್ನುವುದೂ ಅವುಗಳಿಂದಲೇ. ನಾವು ಬಳಸುತ್ತಿದ್ದದ್ದು ನೀರಿನಲ್ಲಿ ಕರಗಿದ ಬಣ್ಣದ ಶಾಯಿ. ನುಣ್ಣನೆಯ ಬಣ್ಣದ ಪುಡಿ ತೇಲುವ ಇನ್ನೊಂದು ಜಾತಿಯ ಶಾಯಿಯಾಗಿದ್ದರೆ ತಡೆದುಕೊಳ್ಳುತ್ತಿತ್ತೇನೋ. ಇದಕ್ಕೆ ಆ ತಾಕತ್ತಿಲ್ಲ. ಮೊದಲು ಹೋಗುವುದೇ ನೀಲಿ. ಕಿಟಕಿಯ ತುಂಡುಗಳು ಉಳಿದದ್ದು ಇವರು ಗಾಜಿಗೆ ಒತ್ತಿ ಟೇಪ್ ಹಾಕಿ ಗಾಳಿಯನ್ನೇ ಮುಚ್ಚಿದ್ದರಿಂದ. ಎರಡು ಬೇಸಿಗೆ ಗಾಜಿನ ಗುಣವನ್ನೇ ಪರೀಕ್ಷೆ ಮಾಡಿ, ಊರವರಿಗೆಲ್ಲ ಗಾಜು ಬೇಡ ಎಂದು ಸಾರಿದ್ದರು.

ಪಾಠ ಕೇಳಿದವರ ಮನೆಗಳಿಗೆ ಒಂದೊಂದಾಗಿ ಓಡಿದರು. ಹೆಚ್ಚಿನವರು ಇವರ ಮಾತನ್ನು ಗಾಳಿಗೆ ತೂರಿ, ಬೇರೆ ಅಂಗಡಿಯಲ್ಲಿ ಗಾಜು ಹಾಕಿಸಿಕೊಂಡಿದ್ದರು. ಅವರ ಫೋಟೊಗಳೆಲ್ಲ ನಗುನಗುತ್ತಿದ್ದವು. ಕಟ್ಟಡದ ಮೇಸ್ತ್ರಿ ಮನೆಯಲ್ಲಂತೂ ನೇರ ಬಿಸಿಲಿಗೇ ತೂಗುಹಾಕಿದ್ದರು, ಅದೂ ಗಟ್ಟಿಯಾಗಿತ್ತು. ಮಾತು ಕೇಳದವರು ಗೆದ್ದಿದ್ದರು.

ಡ್ರೈವರಣ್ಣನ ಮನೆಗೆ ಮಾತ್ರ ಹೋಗಲಿಲ್ಲ. ಇವತ್ತು ಯಂತ್ರ ಕೆಟ್ಟಿದೆ, ನಾಳೆ ಅವರಿಗೆ ಡ್ಯೂಟಿ ಇರುತ್ತೆ, ಏನಾದರೊಂದು ನೆಪ. ನನಗೆ ರೇಗಿತು.

"ಒಂದೊಂದು ದಿನ ತಡ ಮಾಡಿದಷ್ಟೂ ಒಂದಿಷ್ಟು ಹೋಗ್ತಾ ಇರುತ್ತೆ ರೀ. ಇನ್ನೊಂದು ಫೋಟೊ ಇಲ್ಲ ಅವರ ಹತ್ರ. ಪೂರ್ತಿ ಅಳಿಸೋಕೆ ಮುಂಚೆ ನಡೀರಿ, ಅದರದ್ದೇ ಒಂದು ಫೋಟೊ ತೆಗ್ದಿಟ್ಕೊಳ್ಳೋಣ. ಬೈದ್ರೆ ಬೈಸ್ಕೊಳ್ಳಿ."

ಕ್ಯಾಮೆರಾ ಚೀಲ ಹೆಗಲಿಗೆ ಹಾಕಿಕೊಂಡು ಹೊರಟರು. ನಾನೂ ಹೋದೆ, ದಾರಿಯಲ್ಲಿ ತಿರುಗಿಬಿಟ್ಟಾರು ಎಂದು.

ಡ್ರೈವರಣ್ಣನದು ಬಸ್ ಡಿಪೊದ ಹಿಂದಿನ ಮನೆ. ಬಸ್ಸುಗಳು ಹೊಗೆ ಬಿಡುತ್ತಾ ಗೋಡೆಯ ಪಕ್ಕದಲ್ಲೇ ತಿರುಗುತ್ತವೆ. ಒಳಕೋಣೆಯ ಕತ್ತಲ ಮೂಲೆಯ ಗೂಡಿನಲ್ಲಿ ಫೋಟೊ ಇತ್ತು, ಗಾಜಿಲ್ಲದೆ, ಗೋಡೆಗೆ ಮುಖ ಮಾಡಿ.

"ನೀವು ಹೇಳಿದ ಹಾಗೇ ಇಟ್ಟಿದ್ದೆ ಸಾರ್" ಎಂದರು ಡ್ರೈವರಣ್ಣ, ನಾವು ಬಾಯಿ ತೆಗೆಯುವ ಮೊದಲೇ. "ಬಿಸಿಲು ತೋರಿಸಿಲ್ಲ, ಮುಟ್ಟಿಲ್ಲ. ಆದ್ರೂ ಕೆಟ್ಟುಹೋಯ್ತು. ನಿಮ್ಮ ಹತ್ರ ಬರೋಕೆ ನಂಗೆ ಮುಖ ಇರ್ಲಿಲ್ಲ."

"ನಿಮಗ್ಯಾಕೆ?" ಎಂದರು ಇವರು.

"ಡ್ಯೂಟಿ ಮುಗಿಸಿ ಬಂದು ಲೈಟ್ ಹಾಕ್ಕೊಂಡು ನೋಡ್ತಾ ಕೂತಿರ್ತಿದ್ದೆ. ಲೈಟೂ ಬೆಳಕೇ ಅಲ್ವಾ ಸಾರ್? ನಾನೇ ನೋಡಿ ನೋಡಿ ಸವೆಸಿಬಿಟ್ಟೆ ಅನ್ನಿಸ್ತು. ಇದ್ದಷ್ಟಾದ್ರೂ ಉಳೀಲಿ ಅಂತ ತಿರುಗಿಸಿಟ್ಟೆ. ವರ್ಷದ ಮೇಲಾಯ್ತು, ನೋಡಿಲ್ಲ."

ಗಾಳಿ, ತೂತು, ಶಾಯಿ ಎಂದು ದಾರಿಯುದ್ದಕ್ಕೂ ಇವರು ಬಾಯಿಪಾಠ ಮಾಡಿಕೊಂಡು ಬಂದಿದ್ದರು. ಅದೆಲ್ಲವನ್ನೂ ಪಕ್ಕಕ್ಕಿಟ್ಟರು. "ನಿಮ್ಮಿಂದ ಅಲ್ಲ ಡ್ರೈವರಣ್ಣ. ಕಾಗದ ಆರಿಸಿದ್ದು ನಾನು, ಗಾಜು ಬೇಡ ಅಂದಿದ್ದೂ ನಾನು. ನೋಡಿದ್ದಕ್ಕೂ ಅದಕ್ಕೂ ಸಂಬಂಧ ಇಲ್ಲ" ಎಂದರು.

ಡ್ರೈವರಣ್ಣ ನನ್ನ ಮುಖ ನೋಡಿದರು, ಮತ್ತೆ ಇವರ ಮುಖ ನೋಡಿದರು.

"ಅಂದ್ರೆ ಇಷ್ಟು ದಿನ ನೋಡ್ಬಹುದಿತ್ತಾ?"

"ನೋಡ್ಬಹುದಿತ್ತು."

ಅವರು ಗೂಡಿನಿಂದ ಫೋಟೊ ತೆಗೆದುಕೊಂಡು ಬಾಗಿಲ ಬೆಳಕಿಗೆ ಹೋದರು. ನೀಲಿ ಬಟ್ಟೆ ಕೆಂಪು ಮಣ್ಣಿನಂತಾಗಿತ್ತು. ಆದರೆ ಕಣ್ಣು ಇತ್ತು, ನಗು ಇತ್ತು. ಕಪ್ಪು ಬಿಳುಪಿನಲ್ಲಿ ತೆಗೆದರೆ ಇಷ್ಟನ್ನು ಉಳಿಸಬಹುದು ಎಂದು ನನಗೆ ಕಂಡಿತು. ಇವರಿಗೂ ಕಂಡಿರಬೇಕು, ಆಗಲೇ ಕ್ಯಾಮೆರಾ ಚೀಲದ ಜಿಪ್ ಎಳೆಯುತ್ತಿದ್ದರು. ನಾನು ಇವರ ಕೈ ಹಿಡಿದುಕೊಂಡೆ.

"ಸ್ವಲ್ಪ ತಡೀರಿ" ಎಂದೆ. "ಮೊದಲು ಅವರು ನೋಡ್ಕೊಳ್ಳಲಿ."