ರೇಡಿಯೇಟರ್‌ಗೆ ಹಾಕಿದ ಅರಿಶಿನ

ನನ್ನ ಗಂಡ ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದವರು. ಅಲ್ಲಿ ಯಂತ್ರ ಸಣ್ಣಪುಟ್ಟ ಕಾರಣಕ್ಕೆ ನಿಲ್ಲುವ ಹಾಗಿಲ್ಲ. ಏನೋ ಒಂದು ಕಟ್ಟಿ, ಮೆತ್ತಿ, ಶಟ್‌ಡೌನ್ ದಿನ ಬರುವವರೆಗೆ ಓಡಿಸಬೇಕು. ಆ ದಿನ ಎಲ್ಲವನ್ನೂ ಬಿಚ್ಚಿ ಸರಿಯಾಗಿ ರಿಪೇರಿ ಮಾಡುತ್ತಾರೆ. ಈ ವಿದ್ಯೆಯನ್ನು ಯಜಮಾನರು ಮನೆಗೂ ತಂದರು, ಶಟ್‌ಡೌನ್ ದಿನವನ್ನು ಮಾತ್ರ ಅಲ್ಲೇ ಬಿಟ್ಟು ಬಂದರು. ನಮ್ಮ ಸೆಕೆಂಡ್‌ಹ್ಯಾಂಡ್ ಕಾರಿನ ಪೆಟ್ರೋಲ್ ಟ್ಯಾಂಕ್ ಸೋರಿತೆಂದು ಬಟ್ಟೆ ಸೋಪು ಮೆತ್ತಿದರು. ರೇಡಿಯೇಟರ್ ಫ್ಯಾನ್ ತಿರುಗುತ್ತಿಲ್ಲವೆಂದು ಬ್ಯಾಟರಿಯಿಂದ ನೇರ ವೈರ್ ಎಳೆದರು. ಗ್ಯಾರೇಜಿಗೆ ಕೊಡೋಣ ಅಂದರೆ ಸಾಕು, ಮುಖ ಕೆಂಪಾಗುತ್ತಿತ್ತು.

"ಇಪ್ಪತ್ತು ವರ್ಷ ಆನೆಯಂಥಾ ಪಂಪು ಬಿಚ್ಚಿದೀನಿ ಮಾರಾಯ್ತಿ, ಈ ಡಬ್ಬಕ್ಕೆ ಮೆಕ್ಯಾನಿಕ್ ಬೇಕಾ?"

ನಾನು ಹನ್ನೊಂದು ವರ್ಷದಿಂದ ಅತಿಥಿ ಶಿಕ್ಷಕಿ. ಅತಿಥಿ ಅನ್ನುವ ಮಾತು ಕೇಳಲಿಕ್ಕೆ ಚಂದ. ಪ್ರತಿ ಬೇಸಿಗೆ ರಜೆಗೆ ಮನೆಗೆ ಕಳಿಸುತ್ತಾರೆ, ಜೂನ್‌ನಲ್ಲಿ ಕರೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಶಿವಮೊಗ್ಗದ ವಿದ್ಯಾನಗರದ ಖಾಸಗಿ ಹೈಸ್ಕೂಲೊಂದರಲ್ಲಿ ಗಣಿತಕ್ಕೆ ಕಾಯಂ ಹುದ್ದೆ ಖಾಲಿಯಾಯಿತು. ನನ್ನ ವಯಸ್ಸಿಗೆ ಅದೇ ಕೊನೆಯ ಅವಕಾಶ. ಬೆಳಗ್ಗೆ ಹತ್ತಕ್ಕೆ ಮಕ್ಕಳ ಎದುರು ಡೆಮೋ ಪಾಠ ಮಾಡಿ ತೋರಿಸಬೇಕಿತ್ತು. ರಟ್ಟಿನಲ್ಲಿ ತ್ರಿಭುಜಗಳನ್ನು ಕತ್ತರಿಸಿ, ಅಡುಗೆ ಮನೆಯ ಗೋಡೆಗೆ ಒಂದು ವಾರ ಪಾಠ ಹೇಳಿದ್ದೆ.

ಹಿಂದಿನ ಸಂಜೆ ನೋಡಿದರೆ ಕಾರಿನ ಕೆಳಗೆ ನೀರು. ಎಂಜಿನ್ ತಂಪಾಗಿಡುವ ನೀರು ತುಂಬುವ ರೇಡಿಯೇಟರ್ ತೂತಾಗಿತ್ತು. ಯಜಮಾನರು ಸೀದಾ ಒಳಗೆ ಬಂದು ನನ್ನ ಅರಿಶಿನದ ಡಬ್ಬಿ ಎತ್ತಿಕೊಂಡರು.

"ರೀ, ನಾಳೆ ಒಂದಿನ ನಾನು ಬಸ್ಸಲ್ಲಿ ಹೋಗ್ತೀನಿ."

"ಮನೇಲಿ ಕಾರಿಟ್ಕೊಂಡು ಬಸ್ಸಲ್ಲಿ ನೇತಾಡ್ಕೊಂಡು ಹೋಗ್ತೀಯಾ? ಅರಿಶಿನ ಉಬ್ಬಿ ತೂತಿಗೆ ಹೋಗಿ ಕೂತ್ಕೊಳ್ಳುತ್ತೆ. ಲಾರಿಯವರೆಲ್ಲ ಮಾಡೋದೇ ಇದು."

ನಾಲ್ಕು ಚಮಚ ಹಾಕಿದರು. ಸಾಲದೆಂದು ಮತ್ತೆ ಸುರಿದರು. ಸೋರುವುದು ನಿಂತಿತು, ಅದು ನಿಜ. ನನ್ನನ್ನು ಕರೆದು, ಬಗ್ಗಿಸಿ, ಒಣ ನೆಲ ತೋರಿಸಿದರು.

ಬೆಳಗ್ಗೆ ಒಂಬತ್ತಕ್ಕೆ ಹೊರಟೆವು. ಅರ್ಧ ದಾರಿಯೂ ಆಗಿರಲಿಲ್ಲ, ಬಿಸಿಯ ಮುಳ್ಳು ಕೆಂಪಿಗೆ ಏರಿ ಬಾನೆಟ್ಟಿನಿಂದ ಹೊಗೆ ಬಂತು. ತೂತು ಮುಚ್ಚಿದ ಅರಿಶಿನ ಒಳಗಿನ ಸಣ್ಣ ಕೊಳವೆಗಳನ್ನೂ ಮುಚ್ಚಿತ್ತು. ಯಜಮಾನರು ಬಟ್ಟೆ ಹಿಡಿದು ಮುಚ್ಚಳ ತಿರುಗಿಸಿದ್ದೇ ತಡ, ಕುದಿಯುವ ಹಳದಿ ನೀರು ಚಿಮ್ಮಿತು. ಅವರು ಪಕ್ಕಕ್ಕೆ ಹಾರಿದರು. ನನ್ನ ಸೀರೆಯ ನೆರಿಗೆ ಪೂರ್ತಿ ಹಳದಿಯಾಯಿತು.

ಆ ರಸ್ತೆಯಲ್ಲಿ ಬಸ್ಸಿಗೇನು ಬರವೇ? ಒಂದರ ಹಿಂದೆ ಒಂದು. ಕೈ ತೋರಿಸದಿದ್ದರೂ ಒಂದು ನಿಂತಿತು. ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತ, "ಬನ್ನಿ ಅಕ್ಕ, ಸೀಟಿದೆ" ಅಂದ. ನಾನು ಎರಡು ಹೆಜ್ಜೆ ಇಟ್ಟೆ.

"ಹೋಗು," ಅಂದರು ಇವರು, ಬಾನೆಟ್ಟಿನಿಂದ ತಲೆ ಎತ್ತದೆ. "ಗಂಡನ್ನ ನಡು ರಸ್ತೇಲಿ ಬಿಟ್ಟು ಹೋಗು. ನೋಡೋರು ನೋಡ್ಲಿ."

ನಾನು ಹೋಗಲಿಲ್ಲ. ಥೂ ನನ್ನ ಬುದ್ಧಿಗೆ! ಬಾಟಲಿ ಹಿಡಿದುಕೊಂಡು ಗದ್ದೆಯ ಕಾಲುವೆಗೆ ಇಳಿದು ನೀರು ತಂದೆ, ಮತ್ತೆ ಇಳಿದೆ, ಮತ್ತೆ ತಂದೆ. ಎಷ್ಟು ಬಸ್ಸು ಹೋದವೋ ಲೆಕ್ಕವಿಡಲಿಲ್ಲ.

ಕಾರು ನಿಂತು ನಿಂತು ಸ್ಕೂಲು ಮುಟ್ಟುವಾಗ ಹನ್ನೊಂದು ದಾಟಿತ್ತು. ಹೆಡ್‌ಮೇಡಂ ಒಳ್ಳೆಯವರು, ಕೂರಿಸಿ ನೀರು ಕೊಟ್ಟರು. "ಮಕ್ಕಳನ್ನ ಕೂರಿಸ್ಕೊಂಡು ಅರ್ಧ ಗಂಟೆ ಕಾದ್ವಿ ಮೇಡಂ. ಆಮೇಲೆ ಬಂದವರ ಪಾಠ ಚೆನ್ನಾಗಿತ್ತು, ಅವರನ್ನೇ ಆರಿಸಿಬಿಟ್ವಿ." ನನ್ನ ಸೀರೆ ನೋಡಿದರು, ಏನಾಯಿತೆಂದು ಕೇಳಲಿಲ್ಲ. ರಟ್ಟಿನ ತ್ರಿಭುಜಗಳನ್ನು ಚೀಲದಿಂದ ತೆಗೆಯದೆಯೇ ಎದ್ದು ಬಂದೆ.

ಗೇಟಿನ ಹೊರಗೆ ಕಾರು ಮತ್ತೆ ಸ್ಟಾರ್ಟ್ ಆಗಲೇ ಇಲ್ಲ. ಕೊನೆಗೂ ತಳ್ಳಿಸಿಕೊಂಡು ಗ್ಯಾರೇಜಿಗೆ ಹೋದೆವು. ಮೆಕ್ಯಾನಿಕ್ ರೇಡಿಯೇಟರ್ ಬಿಚ್ಚಿದ. ಬೇಳೆಕಟ್ಟಿನ ಹಾಗೆ ಹಳದಿ ಗಸಿ ಇಳಿಯಿತು. ಎಂಜಿನ್ನಿನ ಹೆಡ್, ಅಂದರೆ ಮೇಲಿನ ಲೋಹದ ಭಾಗ, ಬಿಸಿಗೆ ಬಾಗಿತ್ತು.

"ಅಯ್ಯೋ ರಾಮ, ಅರಿಶಿನ ಯಾರು ಸಾರ್ ಹಾಕಿದ್ದು?"

ಯಜಮಾನರು ಒಂದು ಕ್ಷಣವೂ ತಡಮಾಡಲಿಲ್ಲ. "ನಮ್ಮನೆಯವಳು. ಮೊಬೈಲಲ್ಲಿ ಏನೋ ನೋಡಿ ಹಾಕ್ಬಿಟ್ಟಿದಾಳೆ. ನಾನು ಮನೇಲಿರ್ಲಿಲ್ಲ."

ಮೆಕ್ಯಾನಿಕ್ ನನ್ನ ಕಡೆ ತಿರುಗಿ ನಕ್ಕ. "ಏನ್ ಮೇಡಂ, ಒಗ್ಗರಣೆ ಒಂದು ಬಾಕಿ ಇತ್ತಲ್ಲ!" ಪಕ್ಕದಲ್ಲಿ ಟೀ ಕುಡಿಯುತ್ತಿದ್ದವರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನನ್ನ ಗಂಡ ನಕ್ಕರು. ನಗುತ್ತಲೇ ನನ್ನನ್ನು ನೋಡಿದರು, ಆ ನೋಟದಲ್ಲಿ ಬೇಡಿಕೆಯಿತ್ತು.

"ಗೊತ್ತಾಗ್ಲಿಲ್ಲಪ್ಪ," ಅಂದೆ ನಾನು.

ಅವರನ್ನು ಕ್ಷಮಿಸಿದೆನೋ ಇಲ್ಲವೋ, ಅದು ನಮ್ಮಿಬ್ಬರ ಮಾತು. ಹಾಗಂದ ನನ್ನ ಬಾಯನ್ನು ಮಾತ್ರ ಇವತ್ತಿಗೂ ಕ್ಷಮಿಸಿಲ್ಲ.